ಒಣಗಬೇಕಾಗಿದ್ದ ಹೊಲ

ದೆಹಲಿ
೧೯ ಅಕ್ಟೋಬರ್ ೧೯೫೭

ಕಾಶೀಂ,

ಎರಡು ವರ್ಷ ಒಂದು ಕಾರ್ಡೂ ಹಾಕದವನು ಈಗ ಲಕೋಟೆ ಕಳಿಸಿದ್ದಾನೆಂದರೆ ಏನೋ ಕೆಲಸ ಬಿದ್ದಿರಬೇಕು ಎಂದು ಒಡೆಯುವ ಮೊದಲೇ ನಿನ್ನ ಹೆಂಡತಿ ಖಾಜಾಬಿಗೆ ಹೇಳಿರುತ್ತೀ. ಹೌದು, ಬಿದ್ದಿದೆ. ಆದರೆ ಈ ಸಲದ ಕೆಲಸ ನನ್ನದಲ್ಲ, ನಿನ್ನದು.

ದೆಹಲಿಯಲ್ಲಿ ಏನು ಮಾಡುತ್ತೀ ಎಂದು ನೀನು ಹಿಂದೊಮ್ಮೆ ಕೇಳಿದ್ದೆ, ನಾನು ಉತ್ತರ ಬರೆಯಲಿಲ್ಲ. ಬರೆಯಲು ಸ್ವಲ್ಪ ಸಂಕೋಚ. ಈ ದೇಶ ಮುಂದಿನ ಹದಿನೈದು ವರ್ಷ ಯಾವ ಸಂಶೋಧನೆ ಮಾಡಬೇಕು, ಯಾವುದನ್ನು ಕೈಬಿಡಬೇಕು ಎಂಬುದನ್ನು ನಾವು ಆರು ಜನ ಒಂದು ಕೋಣೆಯಲ್ಲಿ ಕೂತು ಬರೆಯುತ್ತೇವೆ. ಬೆಳಿಗ್ಗೆ ಬಂದು ಮೊದಲು ಪೇಪರು ಓದುತ್ತೇವೆ. ಓದಿದ ಮೇಲೆ ನಿನ್ನೆ ಬರೆದದ್ದನ್ನು ಹೊಡೆದು ಹಾಕುತ್ತೇವೆ. ಕಳೆದ ವರ್ಷ ಸೂಯೆಜ್ ಕಾಲುವೆ ಮುಚ್ಚಿತು; ಇಂಗ್ಲೆಂಡಿನ ಯಂತ್ರಗಳನ್ನು ನಂಬಿ ಬರೆದ ಇಡೀ ಒಂದು ಅಧ್ಯಾಯ ಬುಟ್ಟಿಗೆ ಹೋಯಿತು. ಈ ತಿಂಗಳು ರಷ್ಯಾದವರು ಭೂಮಿಯ ಸುತ್ತ ತಿರುಗಲಿ ಎಂದು ಒಂದು ಗುಂಡು ಬಿಟ್ಟಿದ್ದಾರೆ. ಅಂದಿನಿಂದ ನಮ್ಮ ಕೋಣೆಯಲ್ಲಿ ಜೋಳದ ಮಾತು ಎತ್ತುವವರೇ ಇಲ್ಲ. ಅಧ್ಯಕ್ಷರು ನನಗೆ ಮೂರು ಕರಡು ಬರೆಯಲು ಹೇಳಿದ್ದಾರೆ. ಅಮೆರಿಕದ ಕೈ ಮೇಲಾದರೆ ಒಂದು, ರಷ್ಯಾದ ಕೈ ಮೇಲಾದರೆ ಒಂದು, ಇಬ್ಬರೂ ನಮ್ಮತ್ತ ತಿರುಗಿ ನೋಡದಿದ್ದರೆ ಇನ್ನೊಂದು. ನನ್ನ ಡ್ರಾಯರಿನಲ್ಲಿ ಈಗ ಮೂರು ಬೇರೆ ಬೇರೆ ನಾಳೆಗಳಿವೆ, ಮೂರಕ್ಕೂ ಬೀಗ ಒಂದೇ.

ಮೂರು ಕರಡಿನಲ್ಲೂ ನಾನೊಂದು ಸಾಲು ಸದ್ದಿಲ್ಲದೆ ಸೇರಿಸಿದ್ದೆ. ಒಣಬೇಸಾಯದ ಸಣ್ಣ ಪ್ರಯೋಗ ಕ್ಷೇತ್ರಗಳು ನಡೆಯುತ್ತಿರಬೇಕು ಎಂದು. ಅಧ್ಯಕ್ಷರು ಅದರ ಮೇಲೆ ಬೆರಳಿಟ್ಟು, ಹತ್ತು ವರ್ಷವಾಯಿತಲ್ಲ, ಏನು ತೋರಿಸಿದ್ದಾರೆ ಎಂದು ಕೇಳಿದರು. ತೋರಿಸುತ್ತೇವೆ ಎಂದೆ. ಜನವರಿಯಲ್ಲಿ ಒಂದು ತಂಡ ಬರುತ್ತದೆ, ಜೊತೆಗೆ ಅಮೆರಿಕದ ಒಬ್ಬ ಮಣ್ಣಿನ ತಜ್ಞ. ಅವರ ದಾರಿಯಲ್ಲಿ ನಮ್ಮ ರೋಣದ ಫಾರ್ಮನ್ನೂ ಹಾಕಿಸಿದ್ದೇನೆ. ನಾವಿಬ್ಬರೂ ನಲವತ್ತೆಂಟರಲ್ಲಿ ಕಲ್ಲು ನೆಟ್ಟು ಗುರುತು ಮಾಡಿದ ಆ ಎರಡು ಹೊಲದ ಪಟ್ಟಿಗಳನ್ನು ಅಕ್ಕಪಕ್ಕ ತೋರಿಸಿದರೆ ಸಾಕು, ಭಾಷಣ ಬೇಡ. ಅವರ ವರದಿ ಚಲೋ ಬಂದರೆ ಫಾರ್ಮು ಉಳಿಯುತ್ತದೆ. ಬರದಿದ್ದರೆ ಮುಚ್ಚುವ ಪಟ್ಟಿಗೆ ಸೇರುತ್ತದೆ. ಇದನ್ನು ಮುಚ್ಚುಮರೆಯಿಲ್ಲದೆ ನಿನಗೆ ಹೇಳಿಬಿಡಬೇಕೆನಿಸಿತು.

ನಿನ್ನ
ರಾಘೂ


ರೋಣ
೪ ನವೆಂಬರ್ ೧೯೫೭

ರಾಘೂ,

ಖಾಜಾಬಿಗೆ ಹೇಳಿದ್ದು ಖರೇ. ನಿನ್ನ ಅಕ್ಷರ ನೋಡಿದ ಕೂಡಲೇ ಆಕೆಯೇ ಮೊದಲು ಅಂದಳು, "ನಿಮ್ಮ ದೋಸ್ತಗ ಏನರ ಬೇಕಾಗೇತಿ ನೋಡ್ರಿ." ಆಕೆ ಅಂದದ್ದು ಉರ್ದುವಿನಲ್ಲಿ, ನಿನಗಾಗಿ ಕನ್ನಡ ಮಾಡಿದ್ದೇನೆ.

ನಿನ್ನ ಮೂರು ನಾಳೆಗಳ ವಿಷಯ ಓದಿ ನಗು ಬಂತು. ನನಗೆ ಇಲ್ಲಿ ಒಂದು ನಾಳೆಯ ಮೋಡವನ್ನು ಹೇಳಲು ಬರುವುದಿಲ್ಲ. ನೀನು ಐವತ್ತೆರಡರಲ್ಲಿ ಬಿಟ್ಟು ಹೋದೆ, ಆಮೇಲೆ ಇಲ್ಲಿ ನಡೆದದ್ದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ, ನಿನ್ನ ಅಧ್ಯಕ್ಷರಿಗೂ ಬೇಕಾದರೆ ಹೇಳು. ಹೊಸ ಪಟ್ಟಿ ಹತ್ತು ಗುಂಟೆ: ಅಡ್ಡ ಒಡ್ಡು ಹಾಕಿದ್ದೇವೆ, ಆಳವಾಗಿ ಉಳುತ್ತೇವೆ, ಸಾಲು ದೂರ ದೂರ ಬಿತ್ತುತ್ತೇವೆ. ಹಳೆ ಪಟ್ಟಿಯೂ ಹತ್ತು ಗುಂಟೆ: ಊರಿನ ರೈತರು ಹೇಗೆ ಮಾಡುತ್ತಾರೋ ಹಾಗೆ, ಒಂದು ಕಡ್ಡಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೀಜ ಒಂದೇ, ಬಿತ್ತುವ ದಿನ ಒಂದೇ. ಮಳೆ ಚೆನ್ನಾಗಿ ಆದ ವರ್ಷ ಎರಡೂ ಚೆನ್ನಾಗಿ ಬರುತ್ತವೆ, ಆಗ ಏನೂ ಗೊತ್ತಾಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಮಾತ್ರ ನಿಜ ಹೊರಬೀಳುತ್ತದೆ. ಹತ್ತು ವರ್ಷದಲ್ಲಿ ಪೂರ್ತಿ ಕೈಕೊಟ್ಟದ್ದು ಒಂದೇ ಸಲ, ಆ ವರ್ಷ ಬಿಳಿಜೋಳಕ್ಕೆ ಕೀಡೆ ಬಿದ್ದು ಲೆಕ್ಕ ಕೆಟ್ಟಿತು.

ಈ ವರ್ಷ ಅಕ್ಟೋಬರ್ ಮೂರರ ನಂತರ ಒಂದು ಹನಿ ಇಲ್ಲ. ಯಾವಗಲ್ ಕಡೆಯ ರೈತರು ಬಸ್ಸಿನಲ್ಲಿ ಸಿಕ್ಕಾಗ ಆಕಾಶ ನೋಡುತ್ತಾ ಮಾತಾಡುತ್ತಾರೆ. ನಾನು ಅವರ ಜೊತೆ ನಿಟ್ಟುಸಿರು ಬಿಡುತ್ತೇನೆ, ಒಳಗೆ ಮಾತ್ರ ಸಂತೋಷವಾಗುತ್ತದೆ. ಈ ಪಾಪ ಬೇರೆ ಯಾರ ಮುಂದೆಯೂ ಹೇಳಿಲ್ಲ. ಹಳೆ ಪಟ್ಟಿ ಜನವರಿ ಹೊತ್ತಿಗೆ ಒಣಗಬೇಕು, ರಾಘೂ. ಅದು ಒಣಗಿದರೇನೇ ಹೊಸ ಪಟ್ಟಿಯ ಹಸಿರಿಗೆ ಅರ್ಥ.

ಹೊಸ ರಾಜ್ಯವಾದ ಮೇಲೆ ನಮಗೆಲ್ಲ ಬೆಂಗಳೂರಿನಲ್ಲಿ ತರಬೇತಿ ಇಟ್ಟಿದ್ದಾರೆ. ಡಿಸೆಂಬರ್ ಹದಿನಾರಕ್ಕೆ ಹೋಗಿ, ತಂಡದ ಜೊತೆಯೇ ಅವರ ಜೀಪಿನಲ್ಲಿ ವಾಪಸು ಬರುತ್ತೇನೆ. ಅಲ್ಲಿಯವರೆಗೆ ಮಳೆಮಾಪಕ ನೋಡಿ ಬರೆಯಲು ಮೌಲಾಸಾಬ ಇದ್ದಾನೆ, ಹೊಲದ ಹೆಣ್ಣಾಳುಗಳ ಮೇಲೆ ಹೊಳೆವ್ವ ಇದ್ದಾಳೆ. ಹೊಳೆಮಣ್ಣೂರಿನ ಹೊಳೆವ್ವ, ನಿನಗೆ ನೆನಪಿರಬೇಕು, ಕಳೆ ತೆಗೆಯಲು ಬರುವುದಿಲ್ಲವೆಂದು ನಿನ್ನನ್ನು ಬೈದವಳು. ನಿನ್ನೆ ಅವರನ್ನೆಲ್ಲ ಕೂಡಿಸಿ ಹೇಳಿದೆ, ಖಾಜಾಬಿಯೂ ಬಾಗಿಲಲ್ಲಿ ನಿಂತಿದ್ದಳು. "ಅಮೇರಿಕಾದಿಂದ ಮಂದಿ ಬರಾಕತ್ತಾರ. ಈ ಎರಡು ಹೊಲಾ ನೋಡಿ ನಮ್ಮ ಹಣೀಬರಾ ಬರೀತಾರ. ಹತ್ತ ವರ್ಷದ ಮರ್ಯಾದಿ ಪ್ರಶ್ನೆ ಐತಿ" ಎಂದೆ. ಎಲ್ಲರೂ ತಲೆಯಾಡಿಸಿದರು.

ನೀನೂ ಬಾ. ನಿನ್ನ ಕಲ್ಲುಗಳೂ ಇಲ್ಲಿವೆ.

ನಿನ್ನ
ಕಾಶೀಂ


ದೆಹಲಿ
೨೮ ಡಿಸೆಂಬರ್ ೧೯೫೭

ಕಾಶೀಂ,

ಬೆಂಗಳೂರಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ನಾನು ಬರಲಾಗುವುದಿಲ್ಲ. ಒಂದು ಹೊಸ ಪ್ರಯೋಗಾಲಯದ ಉಪಕರಣಗಳನ್ನು ಅಮೆರಿಕದ ಸಾಲದಲ್ಲಿ ತರಬೇಕೋ, ರಷ್ಯಾದವರು ತಾವಾಗಿ ಕೊಡುತ್ತೇವೆಂದದ್ದನ್ನು ತೆಗೆದುಕೊಳ್ಳಬೇಕೋ ಎಂದು ಚರ್ಚೆ ನಡೆದಿದೆ. ಒಬ್ಬರದನ್ನು ಹಿಡಿದರೆ ಇನ್ನೊಬ್ಬರು ಮುನಿಯುತ್ತಾರೆಂಬ ಭಯ. ಎರಡೂ ಕಡೆಗೆ ಕಳಿಸಲು ಎರಡು ಪತ್ರ ಸಿದ್ಧಮಾಡಿ ಕೂತಿದ್ದೇನೆ, ಯಾವುದಕ್ಕೂ ಸಹಿ ಬಿದ್ದಿಲ್ಲ.

ತಂಡದವರ ಮುಂದೆ ಹೆಚ್ಚು ಮಾತಾಡಬೇಡ. ನಿನಗೆ ಹೇಳಬೇಕಾಗಿಲ್ಲ ಅನ್ನು, ನಿನ್ನ ಬಾಯಿಂದ ಮಾತು ಹೊರಡಿಸುವುದು ಕಲ್ಲುನೆಲದಲ್ಲಿ ಬಾವಿ ತೋಡಿದಷ್ಟೇ ಕಷ್ಟ. ಹೊಲವೇ ಮಾತಾಡಲಿ.

ನಿನ್ನ
ರಾಘೂ


ರೋಣ
೧೪ ಜನವರಿ ೧೯೫೮

ರಾಘೂ,

ತಂಡ ಹತ್ತನೇ ತಾರೀಖು ಬಂದು ಹೋಯಿತು. ನಾಲ್ಕು ದಿನ ಪೆನ್ನು ಹಿಡಿಯಲಿಲ್ಲ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಜೀಪು ಫಾರ್ಮಿನ ಗೇಟಿಗೆ ಬಂದಾಗ ಹನ್ನೊಂದು ಗಂಟೆ. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು, ಕಂಬಕ್ಕೆ ಮಾವಿನ ಎಲೆ ಕಟ್ಟಿದ್ದರು. ಹೆಣ್ಣುಮಕ್ಕಳೆಲ್ಲ ತೊಳೆದ ಸೀರೆ ಉಟ್ಟು ಒಂದು ಬದಿಗೆ ನಿಂತಿದ್ದರು. ನಾನು ಅವರನ್ನು ಹೊಲಕ್ಕೆ ಕರೆದುಕೊಂಡು ಹೋದೆ. ಹೊಸ ಪಟ್ಟಿ ಹಸಿರಾಗಿ ನಿಂತಿತ್ತು, ತೆನೆ ತುಂಬುತ್ತಿದ್ದವು. ಅದರ ಪಕ್ಕದಲ್ಲಿ ಹಳೆ ಪಟ್ಟಿಯೂ ಹಸಿರಾಗಿ ನಿಂತಿತ್ತು.

ಅಮೆರಿಕದವನು, ಎತ್ತರದ ಮನುಷ್ಯ, ಬಿಸಿಲಿಗೆ ಕೆಂಪಾಗಿದ್ದ. ಹಳೆಯದು ಯಾವುದು ಎಂದು ಕೇಳಿದ. ತೋರಿಸಿದೆ. ಅವನು ಎರಡೂ ಪಟ್ಟಿಗಳ ನಡುವೆ ನಿಂತು ಅತ್ತಿತ್ತ ನೋಡಿ ಮತ್ತೆ ಅದೇ ಪ್ರಶ್ನೆ ಕೇಳಿದ. ಮತ್ತೆ ತೋರಿಸಿದೆ. ದೆಹಲಿಯ ಅಧಿಕಾರಿ ನನ್ನ ಮುಖ ನೋಡಿದರು. ಈ ಅವಧಿಯಲ್ಲಿ ಮಳೆಯಾಗಿದೆಯೇ ಎಂದರು. ನಾನು ಮೌಲಾಸಾಬನನ್ನು ಕೇಳಿದೆ. "ಇಲ್ರಿ ಸಾಹೇಬ್ರ, ಒಂದ್ ಹನೀನೂ ಬಿದ್ದಿಲ್ರಿ" ಎಂದು ಅವನು ಮಾಪಕದ ಪುಸ್ತಕ ತಂದು ತೋರಿಸಿದ. ದಿನದಿನಕ್ಕೂ ಸೊನ್ನೆ. ಅಧಿಕಾರಿ ಏನೋ ಬರೆದುಕೊಂಡರು. ಖಾಜಾಬಿ ಮಾಡಿಟ್ಟ ಚಹಾ ಕುಡಿದರು, ಬಹಳ ಸೊಗಸಾದ ಜಾಗ ಎಂದರು, ನರೇಗಲ್ ದಾರಿ ಹಿಡಿದು ಹೋದರು. ಒಟ್ಟು ನಲವತ್ತು ನಿಮಿಷ.

ನಾನು ಸಂಜೆಯವರೆಗೆ ಬದುವಿನ ಮೇಲೆ ಕೂತಿದ್ದೆ. ತೆಗ್ಗು ತೋಡಿ ಒಳಗಿನ ಮಣ್ಣು ನೋಡಬೇಕಿತ್ತು. ನೋಡಲಿಲ್ಲ. ನೋಡಿ ಏನು ಮಾಡುವುದು ಅನ್ನಿಸಿತು. ಮಳೆ ಇಲ್ಲದ ವರ್ಷ, ಒಡ್ಡು ಇಲ್ಲದ ಹೊಲ, ಹಾಗೇ ಬಂದಿದೆ ಎಂದರೆ ನಾವಿಬ್ಬರೂ ಹತ್ತು ವರ್ಷದ ಹಿಂದೆ ಕಲ್ಪಿಸಿದ್ದೇ ತಪ್ಪು. ಊರಿನ ರೈತರು ಮಾಡುತ್ತಿದ್ದುದೇ ಸರಿ. ಇಷ್ಟು ಸುಲಭದ ವಿಷಯ ತಿಳಿಯಲು ನನಗೆ ಹತ್ತು ವರ್ಷ ಹಿಡಿಯಿತು. ಅಳು ಬರಬೇಕಿತ್ತು, ಬರಲಿಲ್ಲ. ಮೈಯೆಲ್ಲ ಜೋಮು ಹಿಡಿದ ಹಾಗಿದೆ. ಊಟ ಮಾಡುತ್ತೇನೆ, ಮಲಗುತ್ತೇನೆ, ದನಕ್ಕೆ ಮೇವು ಹಾಕಿಸುತ್ತೇನೆ.

ಖಾಜಾಬಿ ಮಾತ್ರ ಬಹಳ ಖುಷಿಯಾಗಿದ್ದಾಳೆ.

ಕಾಶೀಂ


ದೆಹಲಿ
೨೫ ಜನವರಿ ೧೯೫೮

ಕಾಶೀಂ,

ತಂಡದ ವರದಿ ಬಂತು. ನಿನ್ನ ಫಾರ್ಮಿನ ಬಗ್ಗೆ ಒಂದೇ ವಾಕ್ಯ: ಎರಡು ವಿಧಾನಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನಾನು ಆ ವಾಕ್ಯವನ್ನು ಎಷ್ಟು ಸಲ ಓದಿದೆನೋ.

ಇನ್ನೂ ಮುಗಿದಿಲ್ಲ. ಮಾರ್ಚ್ ಹತ್ತಕ್ಕೆ ಸಭೆ. ರಾಶಿ ಮಾಡಿ ತೂಕ ಹಾಕಿದ ಮೇಲೆ ಅಂಕಿಗಳನ್ನು ನಿನ್ನ ಕೈಯಾರೆ ಬರೆದು ಕಳಿಸು. ಕಣ್ಣಿಗೆ ಕಾಣದ ವ್ಯತ್ಯಾಸ ತಕ್ಕಡಿಗೆ ಕಂಡೀತು. ನಮ್ಮದು ತಪ್ಪು ಎಂದು ನೀನು ಅಷ್ಟು ಲಗೂ ಒಪ್ಪಿಕೊಳ್ಳಬೇಡ. ನನಗಂತೂ ನಂಬಿಕೆ ಬರುತ್ತಿಲ್ಲ.

ನಿನ್ನ
ರಾಘೂ


ರೋಣ
೨೮ ಫೆಬ್ರವರಿ ೧೯೫೮

ರಾಘೂ,

ಹೊಸ ಪಟ್ಟಿ ಮೂರು ಮಣ. ಹಳೆ ಪಟ್ಟಿ ಅದಕ್ಕಿಂತ ಐದು ಸೇರು ಕಡಿಮೆ, ಅಷ್ಟೆ. ಈ ಅಂಕಿಗಳನ್ನು ಯಾರಿಗೂ ತೋರಿಸಬೇಡ. ಇವು ಸುಳ್ಳು. ಯಾಕೆಂದು ಹೇಳುತ್ತೇನೆ.

ನಿನ್ನೆ ಕಣದಲ್ಲಿ ತೂಕ ಮುಗಿದ ಮೇಲೆ ನಾನು ಚೀಲದ ಮೇಲೆ ಕೂತಿದ್ದೆ. ಹೊಳೆವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕುಕ್ಕರಿಸಿದಳು. "ನೋಡ್ರಿ ಸಾಹೇಬ್ರ, ನಮ್ಮ ನೀರ ಸುಳ್ಳಾಗ್ಲಿಲ್ಲ" ಎಂದಳು.

ಯಾವ ನೀರು ಎಂದೆ.

"ಹಳೇ ಪಟ್ಟಿಗಿ ಹಾಕಿದ್ದು. ನೀವು ಬೆಂಗಳೂರಿಗಿ ಹೋದಿಂದ ಅದು ಬಾಡಾಕ ಹತ್ತಿತ್ರಿ. ನಿಮ್ಮ ಮನಿಯವ್ರು ಬಂದು ನನ್ನ ಮುಂದ ಕಣ್ಣೀರ ಹಾಕಿದ್ರು. ಅಷ್ಟ ದೊಡ್ಡ ಮಂದಿ ಬರ್ತಾರ, ಒಂದ ಹೊಲಾ ಹಸರ, ಒಂದ ಹೊಲಾ ಒಣಗಿದ್ದು ಅಂದ್ರ ಏನಂದಾರು? ಇಂವಾ ಅರ್ಧಾ ದುಡದಾನ, ಅರ್ಧಾ ಹಾಳ ಬಿಟ್ಟಾನ ಅನ್ನೂದಿಲ್ಲೇನ್ರಿ? ಹನ್ನೊಂದ ಮಂದಿ ಹೆಣ್ಮಕ್ಕಳ ಕೂಡಿ ಬಾವಿಯಿಂದ ಹೊತ್ತೇವ್ರಿ, ಹದಿನಾರ ದಿನಾ. ನಿಮ್ಮ ಮನಿಯವ್ರೂ ಹೊತ್ತಾರ. ಕಡೀಕ ಸಾಹೇಬ್ರ ಬೂಟಿಗಿ ರಾಡಿ ಹತ್ತಬಾರ್ದಂತ ಮ್ಯಾಲ ಒಣ ಮಣ್ಣ ಹರವಿದ್ವಿ."

ಅವಳು ನಗುತ್ತಿದ್ದಳು. ಬಹುಮಾನ ಕೊಟ್ಟಾರೇನೋ ಎಂದು ಕಾದವರ ಹಾಗಿದ್ದಳು. ನಾನು, ಚಲೋ ಮಾಡಿದಿರಿ, ಹೋಗು, ಊಟಕ್ಕೆ ಹೊತ್ತಾಯಿತು ಎಂದೆ.

ಮೌಲಾಸಾಬನಿಗೂ ಗೊತ್ತಿತ್ತು. ಮಳೆ ಬಿದ್ದಿದೆಯೇ ಎಂದು ನಾನು ಕೇಳಿದ್ದೆ, ಇಲ್ಲ ಎಂದಿದ್ದ. ನೀರು ಹಾಕಿದ್ದಾರೆಯೇ ಎಂದು ಕೇಳಿರಲಿಲ್ಲ. ಅವನು ಸುಳ್ಳು ಹೇಳಿಲ್ಲ.

ತಪ್ಪು ಯಾರದು ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಈ ಹತ್ತು ವರ್ಷದಲ್ಲಿ ಧಾರವಾಡದಿಂದ, ಪುಣೆಯಿಂದ ಬಂದ ಎಷ್ಟು ಅಧಿಕಾರಿಗಳಿಗೆ ನಾನು ಹಳೆ ಪಟ್ಟಿಯ ಕೆಲಸ ಏನೆಂದು ವಿವರಿಸಿಲ್ಲ! ಮನೆಯಲ್ಲಿ ಒಂದು ದಿನವೂ ಹೇಳಲಿಲ್ಲ. ಹೊಲದಲ್ಲಿ ದುಡಿಯುವ ಹೆಂಗಸರಿಗೂ ಹೇಳಲಿಲ್ಲ. ಅವರಿಗೇಕೆ ಎಂದುಕೊಂಡೆ. ಮರ್ಯಾದೆಯ ಪ್ರಶ್ನೆ ಎಂದು ಮಾತ್ರ ಹೇಳಿದೆ. ಅವರು ನನ್ನ ಮರ್ಯಾದೆ ಉಳಿಸಿದರು. ಖಾಜಾಬಿಗೆ ಹಿಂದೆ ಬಸಿರಿನ ಆರನೇ ತಿಂಗಳಿನಲ್ಲಿ ಕೂಸು ಹೋದ ಮೇಲೆ ಭಾರ ಎತ್ತಬೇಡ ಎಂದು ದವಾಖಾನಿಯಲ್ಲಿ ಹೇಳಿದ್ದರು. ಆಕೆ ಹದಿನಾರು ದಿನ ಕೊಡ ಹೊತ್ತಿದ್ದಾಳೆ.

ಆದರೆ ರಾಘೂ, ನಮ್ಮ ಕಲ್ಪನೆ ತಪ್ಪಲ್ಲ. ಇದೊಂದು ಸುದ್ದಿ ಮಾತ್ರ ನನಗೆ ಜೀವ ಬಂದ ಹಾಗೆ ಮಾಡಿದೆ. ಹಳೆ ಪಟ್ಟಿ ಬಾಡಲು ಶುರುವಾಗಿತ್ತು, ಹೊಸ ಪಟ್ಟಿ ನೀರಿಲ್ಲದೆ ಉಳಿದಿದೆ. ಹೊಳೆವ್ವನ ಮಾತೇ ಸಾಕ್ಷಿ. ಸಭೆಯಲ್ಲಿ ಇದನ್ನು ಹೇಳು. ನಗೆಗೀಡಾದರೂ ಚಿಂತೆಯಿಲ್ಲ, ನನ್ನ ಹೆಸರು ಹಿಡಿದೇ ಹೇಳು. ಇನ್ನೊಂದು ಹಂಗಾಮು ಕೊಡಲಿ, ಒಂದೇ ಒಂದು. ಪತ್ರ ರಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ.

ನಿನ್ನ
ಕಾಶೀಂ


ದೆಹಲಿ
೨೦ ಮಾರ್ಚ್ ೧೯೫೮

ಪ್ರಿಯ ಕಾಶೀಂ,

ಹತ್ತನೇ ತಾರೀಖಿನ ಸಭೆಯಲ್ಲಿ ಒಣಬೇಸಾಯದ ಹದಿಮೂರು ಸಣ್ಣ ಕ್ಷೇತ್ರಗಳನ್ನು ಮುಚ್ಚುವ ನಿರ್ಧಾರವಾಯಿತು. ರೋಣದ್ದು ಅದರಲ್ಲಿದೆ. ವಿದೇಶಿ ವಿನಿಮಯದ ಕೊರತೆ, ಜಗತ್ತಿನ ಬದಲಾಗುತ್ತಿರುವ ಪರಿಸ್ಥಿತಿ, ದೊಡ್ಡ ವಿಜ್ಞಾನದ ಕಡೆಗೆ ಗಮನ ಹರಿಸಬೇಕಾದ ಅಗತ್ಯ ಎಂದೆಲ್ಲ ಕಾರಣ ಬರೆದಿದ್ದಾರೆ. ನಿನಗೆ ಇಲಾಖೆಯಲ್ಲೇ ಬೇರೆ ಜಾಗ ಕೊಡುತ್ತಾರೆ, ಕೆಲಸಕ್ಕೆ ಸಂಚಕಾರವಿಲ್ಲ.

ನಿನ್ನ ಪತ್ರ ಸಭೆ ಮುಗಿದ ಎರಡು ದಿನಕ್ಕೆ ನನ್ನ ಕೈಸೇರಿತು. ಆಮೇಲೂ ಆದಷ್ಟು ಹೇಳಿ ನೋಡಿದೆ. ಆಗಲಿಲ್ಲ. ಆರೋಗ್ಯ ನೋಡಿಕೊ.

ಇತಿ
ರಾಘವೇಂದ್ರ


ಗಜೇಂದ್ರಗಡ
೧೮ ಮೇ ೧೯೫೮

ರಾಘೂ,

ವಿಳಾಸ ಬದಲಾಗಿದೆ, ನೋಡಿಕೊ. ಇಲ್ಲಿ ಬೀಜದ ಗೋದಾಮು ನೋಡಿಕೊಳ್ಳುತ್ತೇನೆ. ಚೀಲ ಬರುತ್ತವೆ, ಹೋಗುತ್ತವೆ. ಗುಡ್ಡದ ಬುಡದಲ್ಲಿ ಎರಡು ಕೋಣೆಯ ಮನೆ, ನೀರು ಹತ್ತಿರ.

ಫಾರ್ಮನ್ನು ಏಪ್ರಿಲ್ ಕೊನೆಗೆ ವಹಿಸಿಕೊಟ್ಟೆ. ಯಾರಿಗೋ ಗೇಣಿ ಗೊತ್ತುಮಾಡಿ ಲಾವಣಿಗೆ ಕೊಟ್ಟಿದ್ದಾರೆ. ಅವರು ಬಂದ ದಿನವೇ ಒಡ್ಡು ಕೆಡವಿ, ಎರಡೂ ಪಟ್ಟಿ ಕೂಡಿಸಿ ಒಂದೇ ಸಮ ಉತ್ತರು. ಮಳೆಮಾಪಕವನ್ನು ಮೌಲಾಸಾಬ ಒರೆಸಿ ಪೆಟ್ಟಿಗೆಯಲ್ಲಿಟ್ಟು ರಶೀದಿ ತೆಗೆದುಕೊಂಡ. ಹೊಳೆವ್ವ ಹೊಳೆಮಣ್ಣೂರಿಗೆ ಮಗಳ ಮನೆಗೆ ಹೋದಳು. ನಾನು ನೋಡುತ್ತ ನಿಂತಿದ್ದೆ. ಏನೂ ಅನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ. ಇದು ಚಲೋನೋ ಕೆಟ್ಟದ್ದೋ ಗೊತ್ತಿಲ್ಲ.

ಖಾಜಾಬಿಗೆ ಸಂಗತಿ ಹೇಳುವುದೊಂದು ಕಷ್ಟವಿತ್ತು. ಸಾಮಾನು ಕಟ್ಟುವಾಗ ಆಕೆ ಕೇಳಿದಳು. "ಅಷ್ಟ ಚಲೋ ಬೆಳಿ ತೋರ್ಸಿದ್ವಿ. ಎರಡೂ ಹೊಲಾ ಹಸರ ಇದ್ವು. ಆದ್ರೂ ಯಾಕ ಮುಚ್ಚಿದ್ರು?" ನಾನು ಆಕೆಯ ಕೈ ನೋಡಿದೆ. ಕೊಡದ ಕಂಠ ಹಿಡಿದ ಜಾಗದಲ್ಲಿ ಜಡ್ಡು ಇನ್ನೂ ಹೋಗಿಲ್ಲ. ನಾನು ಹೇಳಿದೆ, "ನಮ್ಮ ಹೊಲಕ್ಕ ಏನೂ ಅಂದಿಲ್ಲ. ಭಾಳ ಮೆಚ್ಚಿದ್ರು. ಅದು ದಿಲ್ಲಿದು. ರಷ್ಯಾ, ಅಮೇರಿಕಾ ಅಂತ ಅವರವರ ಜಗಳ. ಅದರಾಗ ನಮ್ದು ಹೋತು." ಆಕೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಆಮೇಲೆ, "ನಿಮ್ಮ ದೋಸ್ತ ಅಲ್ಲೇ ಅದಾರಲ್ರಿ, ಒಂದ ಮಾತ ಹೇಳಲಿಲ್ಲೇನು?" ಎಂದಳು. ಹೇಳಿದ, ಭಾಳ ಬಡಿದಾಡಿದ, ಅವನ ಕೈಯಲ್ಲಿ ಆಗಲಿಲ್ಲ ಎಂದೆ. "ಅಲ್ಲಾ ಅವರಿಗಿ ಚಲೋ ಮಾಡ್ಲಿ" ಎಂದು ಆಕೆ ಮತ್ತೆ ಪಾತ್ರೆ ಕಟ್ಟತೊಡಗಿದಳು.

ನೀರಿನ ಸಂಗತಿ ಆಕೆಗೆ ಎಂದೂ ತಿಳಿಯಬಾರದು. ತಾನೇ ಮುಚ್ಚಿಸಿದೆ ಎಂದು ಗೊತ್ತಾದರೆ ಆಕೆ ಉಳಿಯುವುದಿಲ್ಲ. ಅದಕ್ಕೇ ಈ ಸುಳ್ಳು ಹೇಳಿದ್ದೇನೆ. ನೀನು ಎಂದಾದರೂ ಬಂದರೆ ಬಾಯಿ ತಪ್ಪಬೇಡ.

ಕಾಶೀಂ


ದೆಹಲಿ
೨ ಜೂನ್ ೧೯೫೮

ಕಾಶೀಂ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಇದು ನಾಲ್ಕನೇ ಸಲ ಬರೆಯುತ್ತಿದ್ದೇನೆ, ಮೂರನ್ನು ಹರಿದೆ. ಇದನ್ನು ತಿರುಗಿ ಓದದೆ ಡಬ್ಬಿಗೆ ಹಾಕುತ್ತೇನೆ.

ಸಭೆ ಮುಗಿದ ಮೇಲೆ ನಿನ್ನ ಪತ್ರ ಬಂತು ಎಂದು ಬರೆದದ್ದು ಸುಳ್ಳು. ಅದು ಮಾರ್ಚ್ ಏಳಕ್ಕೇ ಬಂದಿತ್ತು. ರಜಿಸ್ಟರ್ ಪತ್ರ, ನಾನೇ ಸಹಿ ಮಾಡಿ ತೆಗೆದುಕೊಂಡೆ. ಹತ್ತನೇ ತಾರೀಖು ಅದು ನನ್ನ ಕೋಟಿನ ಜೇಬಿನಲ್ಲಿತ್ತು.

ಉದ್ದನೆಯ ಮೇಜು. ಇಪ್ಪತ್ತೆರಡು ಜನ. ಬೆಳಿಗ್ಗೆಯಿಂದ ಉಪಗ್ರಹ, ಪರಮಾಣು, ಉಕ್ಕು. ಇನ್ನು ಹತ್ತು ವರ್ಷಕ್ಕೆ ಜಗತ್ತಿನ ಯಜಮಾನ ಯಾರಾಗುತ್ತಾರೆ, ಆಗ ನಮ್ಮ ವಿಜ್ಞಾನ ಯಾರ ಪಕ್ಕದಲ್ಲಿ ನಿಂತಿರಬೇಕು ಎಂದು ಒಬ್ಬರು ಮುಕ್ಕಾಲು ಗಂಟೆ ಮಾತಾಡಿದರು. ಮಧ್ಯಾಹ್ನ ಮುಚ್ಚಬೇಕಾದ ಕ್ಷೇತ್ರಗಳ ಪಟ್ಟಿ ಬಂತು. ಅಧ್ಯಕ್ಷರು ಒಂದೊಂದೇ ಹೆಸರು ಓದಿದರು. ಅವರು ಕೆಟ್ಟವರಲ್ಲ, ಕಾಶೀಂ. ಪ್ರತಿ ಹೆಸರಿಗೂ ನಿಂತು, ಇದರ ಪರವಾಗಿ ಯಾರಾದರೂ ಒಂದು ಕಾರಣ ಕೊಟ್ಟರೆ ಇನ್ನೊಂದು ವರ್ಷ ನಡೆಸೋಣ ಎಂದರು. ಖಾನ್‌ದೇಶದ ಒಂದು ಕ್ಷೇತ್ರಕ್ಕೆ ಯಾರೋ ಏನೋ ಹೇಳಿದರು, ಅದು ಉಳಿಯಿತು. ಆಮೇಲೆ ರೋಣ ಎಂದರು. ನನ್ನ ಕಡೆ ನೋಡಿದರು, ನಾನು ಅಲ್ಲಿಂದ ಬಂದವನೆಂದು ಅವರಿಗೆ ಗೊತ್ತು.

ನಾನು ಜೇಬಿಗೆ ಕೈ ಹಾಕಿದೆ. ಹನ್ನೊಂದು ಜನ ಹೆಂಗಸರು ಕೊಡ ಹೊತ್ತು ನೀರು ಹಾಕಿದರು, ಬೂಟಿಗೆ ರಾಡಿ ಹತ್ತಬಾರದೆಂದು ಮೇಲೆ ಮಣ್ಣು ಹರವಿದರು. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ನನಗೆ ನಾಚಿಕೆಯಾಯಿತು. ಅಷ್ಟು ಜನ ದೊಡ್ಡವರ ಮುಂದೆ ನಮ್ಮೂರು ಹೀಗೆ ಎಂದು ತೋರಿಸಿಕೊಳ್ಳಲು ನಾಚಿಕೆಯಾಯಿತು. ಬೇರೆ ಕಾರಣವಿಲ್ಲ. ಭಯವೂ ಅಲ್ಲ, ಬಡ್ತಿಯ ಆಸೆಯೂ ಅಲ್ಲ. ನಾನು ಕೈ ಹೊರಗೆ ತೆಗೆದೆ. ಅಧ್ಯಕ್ಷರು ಹೆಸರಿನ ಮೇಲೆ ಗೆರೆ ಎಳೆದರು. ನಾಲ್ಕು ನಿಮಿಷವೂ ಆಗಲಿಲ್ಲ.

ನನ್ನ ಮೂರು ಕರಡುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ, ನಾಲ್ಕನೆಯದೊಂದು ಬರೆಯಲು ಹೇಳಿದ್ದಾರೆ. ಬರೆಯುತ್ತಿದ್ದೇನೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆಗಸ್ಟಿನಲ್ಲಿ ಅಣ್ಣ ದತ್ತಾತ್ರೇಯನ ಮಗಳ ಮದುವೆಗೆಂದು ನರಗುಂದಕ್ಕೆ ಬರುತ್ತೇನೆ. ಗಜೇಂದ್ರಗಡಕ್ಕೆ ಬರಬೇಕೋ ಬೇಡವೋ, ನೀನೇ ಹೇಳು. ಬಂದರೆ ಖಾಜಾಬಿಯ ಎದುರಿಗೆ ಎಲ್ಲವನ್ನೂ ಹೇಳಿಬಿಡುತ್ತೇನೆ, ಆಕೆ ಬೈಯಲಿ.

ರಾಘೂ


ಗಜೇಂದ್ರಗಡ
೨೧ ಜೂನ್ ೧೯೫೮

ರಾಘೂ,

ನಿನ್ನ ಪತ್ರ ಗೋದಾಮಿನಲ್ಲಿ ಕೂತು ಓದಿದೆ. ಸಿಟ್ಟು ಬರುತ್ತದೆಂದು ಕಾದೆ. ಸಂಜೆ ಬೀಗ ಹಾಕುವ ಹೊತ್ತಾಯಿತು, ಬರಲಿಲ್ಲ. ಮನೆಗೆ ಹೋದೆ.

ಖಾಜಾಬಿಗೆ ನಾನು ಎರಡು ಮಾತು ಹೇಳಿದ್ದೆ. ದಿಲ್ಲಿಯವರು ಮುಚ್ಚಿಸಿದರು ಎಂದದ್ದು ಸುಳ್ಳೆಂದು ತಿಳಿದೇ ಹೇಳಿದ್ದೆ. ಒಂದು ಕಾರಣ ಕೊಟ್ಟಿದ್ದರೆ ಇನ್ನೊಂದು ವರ್ಷ ಸಿಗುತ್ತಿತ್ತು ಎಂದು ನೀನು ಬರೆದ ಮೇಲೆ ಅದು ಖರೇ ಆಯಿತು. ನಿಜ ಹೇಳಬೇಕೆಂದರೆ ಆ ಒಂದು ವಿಷಯಕ್ಕೆ ಎದೆ ಹಗುರಾಯಿತು. ಆಕೆಯ ನೀರಿನಿಂದ ಹೋಗಲಿಲ್ಲ. ನೀನು ಬಡಿದಾಡಿದೆ ಎಂದದ್ದನ್ನು ಮಾತ್ರ ನಾನು ನಂಬಿ ಹೇಳಿದ್ದೆ.

ಆಗಸ್ಟಿನಲ್ಲಿ ಬಾ. ಬರಬೇಡ ಎಂದರೆ ಯಾಕೆ ಬರಲಿಲ್ಲ ಎಂದು ಆಕೆ ಕೇಳುತ್ತಾಳೆ, ನನ್ನ ಹತ್ತಿರ ಇನ್ನೊಂದು ಉತ್ತರವಿಲ್ಲ. ನೀನು ಬರುವ ಸುದ್ದಿ ಹೇಳಿದ್ದೇನೆ. ಅಂದಿನಿಂದ ಗೋಡೆಗೆ ಸುಣ್ಣ ಬಳಿಸಬೇಕೆಂದು ಹಿಂದೆ ಬಿದ್ದಿದ್ದಾಳೆ. ನಮಗಾಗಿ ದಿಲ್ಲಿಯಲ್ಲಿ ಅಷ್ಟು ಮಂದಿಯ ಎದುರು ನಿಂತವರು, ಈ ಮನೆ ನೋಡಿ ಏನಂದಾರು ಎನ್ನುತ್ತಾಳೆ.

ಆಕೆ ನಿನಗೆ ಬಡಿಸುತ್ತಾಳೆ. ಉಂಡ ಮೇಲೆ ಉಪಕಾರ ಹೇಳುತ್ತಾಳೆ, ಕೈಯೂ ಮುಗಿದಾಳು. ನೀನು ಏನೂ ಹೇಳಬೇಡ. ಆಕೆ ಕೊಟ್ಟಷ್ಟನ್ನೂ ತೆಗೆದುಕೊ. ನನಗಾಗಿ ನೀನು ಇಷ್ಟು ಮಾಡಬೇಕು.

ಕಾಶೀಂ